ಕೈಗೆ ಕೊಟ್ಟು ನೋಡಿ, ಕಲಿತಾವು ಮಕ್ಕಳು!

ಆಟಿಸಂ ಇರುವ ಮಕ್ಕಳಿಗೆ ಚಿತ್ರ, ಗುಂಡಿ, ಹಲಗೆಯ ಪಾಠ: ನಮ್ಮ ತಾಲೂಕಿನ ಶಾಲೆಗಳಿಗೆ ಎಂದು ಬಂದೀತು?

ಬಾಡಗಂಡಿ: "ಹುಡುಗ ಕಿವುಡ ಅಲ್ರೀ. ಬಿಸ್ಕೀಟಿನ ಪುಡಿ ಹರಿದ ಸಪ್ಪಳಕ್ಕ ಒಳಗಿನ ಕೋಣೆಯಿಂದ ಓಡಿ ಬರ್ತಾನ. ಆದರ ಹೆಸರು ಹಿಡಿದು ಹತ್ತು ಸಲ ಕರೆದರೂ ತಿರುಗಿ ನೋಡೂದಿಲ್ಲ." ಬಿಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆಯ ಬಸ್ಸುಗಳಲ್ಲಿ ದಿನಾ ಓಡಾಡುವವರು ಇಂಥ ಮಾತನ್ನು ಒಂದಲ್ಲ ಒಂದು ಸಲ ಕೇಳಿಯೇ ಇರುತ್ತಾರೆ. ಹೇಳುವ ತಾಯಿಯ ಮುಖದಲ್ಲಿ ದಣಿವು. ಪಕ್ಕದಲ್ಲಿ ಕಿವಿ ಮುಚ್ಚಿಕೊಂಡು ಹಿಂದೆ ಮುಂದೆ ತೂಗುವ ಮಗು. ಸುತ್ತಲಿನ ಸೀಟಿನಿಂದ ಉಚಿತ ಸಲಹೆ: "ಎರಡು ಬಿಡ್ರಿ, ಸರಿ ಹೋಗ್ತಾನ!"

ಸ್ವಾಮೀ, ಎರಡು ಬಿಟ್ಟರೆ ಸರಿ ಹೋಗುವ ಸಂಗತಿ ಇದಲ್ಲ. ಇದಕ್ಕೆ ಆಟಿಸಂ ಎನ್ನುತ್ತಾರೆ. ಪುಸ್ತಕದ ಕನ್ನಡದಲ್ಲಿ ಸ್ವಲೀನತೆ. ಇದು ರೋಗವಲ್ಲ, ಅಂಟುವುದಿಲ್ಲ, ಹುಚ್ಚು ಅಲ್ಲ, ಗಾಳಿ ಸೋಂಕಿದ್ದೂ ಅಲ್ಲ. ಮಿದುಳು ಬೆಳೆಯುವ ರೀತಿಯೇ ತುಸು ಬೇರೆ, ಅಷ್ಟೇ. ಮಾತು, ಜನರ ಜೊತೆಗಿನ ಬೆರಕೆ, ಶಬ್ದ-ಬೆಳಕು-ಸ್ಪರ್ಶವನ್ನು ತಾಳಿಕೊಳ್ಳುವ ಬಗೆ ಇವೆಲ್ಲ ಆ ಮಗುವಿನಲ್ಲಿ ಬೇರೆ ದಾರಿ ಹಿಡಿದಿರುತ್ತವೆ. ಒಬ್ಬ ಹುಡುಗ ಒಂದು ಶಬ್ದವನ್ನೂ ಆಡುವುದಿಲ್ಲ. ಇನ್ನೊಬ್ಬ ಬಸ್ಸಿನ ವೇಳಾಪಟ್ಟಿಯನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಾನೆ, ಆದರೆ "ಹಸಿವಾಗೇತಿ" ಎಂದು ಹೇಳಲಾರ. ಇಬ್ಬರದೂ ಆಟಿಸಂ ಇರಬಹುದು.

ತಾಯಿಯ ತಲೆಗೆ ಕಟ್ಟಿದ ಪಾಪ

ಅಮೇರಿಕದ ಬಾಲ್ಟಿಮೋರ್ ಊರಿನ ಡಾ. ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವೃತ್ತಾಂತ ಬರೆದು ಈ ಸ್ಥಿತಿಯನ್ನು ವೈದ್ಯಲೋಕದ ಮುಂದಿಟ್ಟರು. ಮುಂದೆ ಎರಡು ದಶಕ ಅಲ್ಲಿಯ ದೊಡ್ಡ ದೊಡ್ಡ ಪಂಡಿತರೇ "ತಾಯಿ ಪ್ರೀತಿ ಕೊಡಲಿಲ್ಲ, ಅದಕ್ಕೇ ಮಗು ಹೀಗಾಯಿತು" ಎಂದು ತಾಯಂದಿರನ್ನು ಕಟಕಟೆಗೆ ನಿಲ್ಲಿಸಿದರು. ಬರ್ನಾರ್ಡ್ ರಿಮ್ಲಂಡ್ ಎಂಬ ಮನಶ್ಶಾಸ್ತ್ರಜ್ಞ, ಸ್ವತಃ ಆಟಿಸಂ ಇರುವ ಮಗನ ತಂದೆ, 1964ರಲ್ಲಿ ಪುಸ್ತಕ ಬರೆದು ಆ ವಾದದ ಬುಡ ಅಲ್ಲಾಡಿಸಿದರು. ಅಲ್ಲಿ ಅದು ಸತ್ತು ದಶಕಗಳಾದವು. ನಮ್ಮಲ್ಲಿ ಮಾತ್ರ ಇನ್ನೂ ಜೀವಂತ! "ಬಸುರಿದ್ದಾಗ ಗ್ರಹಣ ನೋಡಿದಳು", "ಕೂಸಿನ ಜೋಡಿ ಮಾತಾಡಲಿಲ್ಲ" ಎಂದು ಸೊಸೆಯ ಮೇಲೆ ಗೂಬೆ ಕೂರಿಸುವ ಮನೆಗಳಿಗೆ ಬರವಿಲ್ಲ.

ಚುಚ್ಚುಮದ್ದಿನಿಂದ ಬಂತೆಂಬುದು ಇನ್ನೊಂದು ಪುಕಾರು. ಹಾಗೆ ಸೂಚಿಸಿ 1998ರಲ್ಲಿ ಇಂಗ್ಲೆಂಡಿನ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಬಂದ ಲೇಖನವನ್ನು ಅದೇ ಪತ್ರಿಕೆ 2010ರಲ್ಲಿ ವಾಪಸು ಪಡೆಯಿತು. ಈಗಿನ ಹೊಸ ಆರೋಪಿ ಮೊಬೈಲು. ಮೊಬೈಲು ಅತಿಯಾದರೆ ಕೂಸಿನ ಮಾತು, ನಿದ್ದೆ, ಆಟ ಎಲ್ಲಕ್ಕೂ ತೊಂದರೆ, ಅದು ನಿಜ. ಆದರೆ ಆಟಿಸಂಗೆ ಅದೇ ಕಾರಣ ಎಂದರೆ ಕ್ಯಾನರ್ ಕಂಡ ಆ 11 ಮಕ್ಕಳಿಗೆ ಯಾವ ಮೊಬೈಲು ಇತ್ತು?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಆ ಸರಾಸರಿ ಹಿಡಿದರೆ 250 ಮಕ್ಕಳ ಒಂದು ಶಾಲೆಯಲ್ಲಿ ಇಬ್ಬರು. ನಿಮ್ಮೂರ ಶಾಲೆಯಲ್ಲಿ ಅಂಥವರು ಒಬ್ಬರೂ ಕಾಣುತ್ತಿಲ್ಲವೇ? ಹಾಗಾದರೆ ಅವರು ಎಲ್ಲಿದ್ದಾರೆ? ಒಂದೋ "ಹಟಮಾರಿ", "ದಡ್ಡ" ಎಂಬ ಹೆಸರು ಹೊತ್ತು ಕೊನೆಯ ಸಾಲಿನಲ್ಲಿ ಕೂತಿದ್ದಾರೆ. ಇಲ್ಲವೇ ಮನೆಯ ಒಳಗಿದ್ದಾರೆ. ಈ ಲೇಖನದ ಚಿಂತೆ ಆ ಇಬ್ಬರದು.

ಕಿವಿಗಿಂತ ಕೈ ಮುಂದು

ನಮ್ಮ ಶಾಲೆಯ ಪಾಠ ಹೇಗೆ? ಮಾಸ್ತರರು ಹೇಳಬೇಕು, ಮಕ್ಕಳು ಕೇಳಬೇಕು. ಆಟಿಸಂ ಇರುವ ಅನೇಕ ಮಕ್ಕಳಿಗೆ ಅಡಚಣೆ ಇರುವುದು ಅಲ್ಲೇ. ಬಾಯಿಮಾತು ಹುಟ್ಟಿದ ಕ್ಷಣವೇ ಗಾಳಿಯಲ್ಲಿ ಕರಗಿಹೋಗುತ್ತದೆ. ಕೈಯಲ್ಲಿ ಹಿಡಿದ ಚಿತ್ರ ಕರಗುವುದಿಲ್ಲ. ಅದನ್ನು ಮತ್ತೆ ನೋಡಬಹುದು, ತಿರುವಬಹುದು, ಮುಟ್ಟಬಹುದು. ಜನರ ಮುಖಭಾವ ಗಳಿಗೆಗೊಮ್ಮೆ ಬದಲಾಗುತ್ತದೆ, ಅದು ಆ ಮಗುವಿಗೆ ಗೊಂದಲ. ಗುಂಡಿ ಒತ್ತಿದರೆ ಪ್ರತಿ ಸಲ ಒಂದೇ ಸದ್ದು, ಅದು ಆ ಮಗುವಿಗೆ ಸಮಾಧಾನ. ಆದ್ದರಿಂದಲೇ "ಕೇಳಿ ಕಲಿ" ಎನ್ನುವ ಬದಲು "ಮಾಡಿ ಕಲಿ" ಎಂಬ ಪಾಠ ಈ ಮಕ್ಕಳಲ್ಲಿ ಹೆಚ್ಚು ಫಲ ಕೊಡುತ್ತದೆ.

ಇದು ನಿನ್ನೆ ಮೊನ್ನೆಯ ಕಂಪ್ಯೂಟರು ಕಂಪನಿಗಳ ಆವಿಷ್ಕಾರವೆಂದು ತಿಳಿಯಬೇಡಿ. ಇನ್ನೂರು ವರ್ಷದ ಹಿಂದೆ ಫ್ರಾನ್ಸ್ ದೇಶದಲ್ಲಿ ಇಟಾರ್ಡ್ ಎಂಬ ವೈದ್ಯರು ಕಾಡಿನಲ್ಲಿ ಸಿಕ್ಕ, ಮಾತು ಬಾರದ ಹುಡುಗನಿಗೆ ಪಾಠ ಹೇಳಲು ಹೊರಟು, ಕೈಗೆ ಸಿಗುವ ಅಕ್ಷರ, ಆಕಾರಗಳನ್ನು ಮಾಡಿಸಿದರು. ಅವರ ಶಿಷ್ಯ ಸೆಗ್ಯಾನ್ ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗಾಗಿಯೇ ಮರದ ಹಲಗೆ, ಗುಂಡು-ಚೌಕ-ತ್ರಿಕೋನದ ಗುಳಿಗಳನ್ನು ಬಳಸಿದರು. ಇಟಲಿಯ ಮಾರಿಯಾ ಮಾಂಟೆಸ್ಸೋರಿ ಬಾಯಿ ಈ ಇಬ್ಬರ ಬರಹ ಓದಿ, ಅದನ್ನೇ ಬೆಳೆಸಿ, 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಶಾಲೆ ತೆರೆದರು. ಇಂದು ಪ್ಯಾಟಿಯಲ್ಲಿ ಸಾವಿರಾರು ರೂಪಾಯಿ ಫೀ ಕೊಟ್ಟು ಸೇರಿಸುವ ಮಾಂಟೆಸ್ಸೋರಿ ಶಾಲೆಯ ಮೂಲ ಇದು! ಅಂಗವಿಕಲ ಮಕ್ಕಳಿಗೆಂದು ಮಾಡಿದ ಸಾಮಾನು ಉಳ್ಳವರ ಮಕ್ಕಳ ಪಾಲಾಯಿತು. ಯಾರಿಗಾಗಿ ಮಾಡಿದ್ದೋ ಅವರ ಕೈ ಖಾಲಿ ಉಳಿಯಿತು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರು ಸೆಗ್ಯಾನ್ ಹಲಗೆಯನ್ನು ನಮ್ಮ ಮಕ್ಕಳ ಕೈಗೆ ಕೊಟ್ಟು, ಯಾವ ವಯಸ್ಸಿನ ಮಗು ಎಷ್ಟು ಸೆಕೆಂಡಿನಲ್ಲಿ ಜೋಡಿಸುತ್ತದೆ ಎಂಬ ಭಾರತೀಯ ಪ್ರಮಾಣವನ್ನು 1971ರಲ್ಲೇ ಪ್ರಕಟಿಸಿದ್ದರು. ಹತ್ತು ಆಕಾರದ ಒಂದು ಮರದ ಹಲಗೆ. ನಮ್ಮೂರ ಬಡಿಗೇರ ಒಂದೇ ದಿನದಲ್ಲಿ ಮಾಡಿಕೊಟ್ಟಾನು. ಎಷ್ಟು ಶಾಲೆಗಳಲ್ಲಿ ಇದೆ ಹೇಳಿ?

ಎಡಗಡೆ ಬುಟ್ಟಿ, ಬಲಗಡೆ ಬುಟ್ಟಿ

ಅಮೇರಿಕದ ಉತ್ತರ ಕ್ಯಾರೊಲೈನಾ ರಾಜ್ಯದಲ್ಲಿ ಎರಿಕ್ ಶಾಪ್ಲರ್ ಎಂಬ ತಜ್ಞರ ನೇತೃತ್ವದಲ್ಲಿ 1972ರಿಂದ ರಾಜ್ಯಾದ್ಯಂತ ಒಂದು ಪದ್ಧತಿ ನಡೆದುಬಂದಿದೆ. ಅದರ ತಿರುಳು ನಮ್ಮ ಕಿರಾಣಿ ಅಂಗಡಿಯವರಿಗೆ ಥಟ್ಟನೆ ತಿಳಿಯುವಂಥದು. ಮಗುವಿನ ಮೇಜಿನ ಎಡಗಡೆ ಮಾಡಬೇಕಾದ ಕೆಲಸದ ಬುಟ್ಟಿ. ನಡುವೆ ಕೆಲಸ. ಮುಗಿದದ್ದು ಬಲಗಡೆಯ ಬುಟ್ಟಿಗೆ. ಎಷ್ಟು ಕೆಲಸ ಇದೆ, ಯಾವುದು ಮೊದಲು, ಎಂದು ಮುಗಿಯುತ್ತದೆ, ಮುಗಿದ ಮೇಲೆ ಏನು? ಈ ನಾಲ್ಕು ಪ್ರಶ್ನೆಗೆ ಒಂದು ಮಾತೂ ಆಡದೆ ಕಣ್ಣಿಗೇ ಉತ್ತರ ಸಿಗುತ್ತದೆ. ಎಡಬುಟ್ಟಿ ಖಾಲಿಯಾಯಿತೆಂದರೆ ಕೆಲಸ ಮುಗಿಯಿತು!

ಆ ಕೆಲಸವಾದರೂ ಎಂಥದು? ಬನಹಟ್ಟಿಯ ನೇಕಾರರ ಮನೆಯಲ್ಲಿ ಬಣ್ಣ ಬಣ್ಣದ ನೂಲು ಸುತ್ತಿದ ಕಂಡಿಕೆ ಇವೆಯಲ್ಲ, ಕೆಂಪು ಕೆಂಪಿನ ಡಬ್ಬಿಗೆ, ಹಸಿರು ಹಸಿರಿನ ಡಬ್ಬಿಗೆ. ಹುಣಸೆ ಬೀಜ ಐದೈದು ಎಣಿಸಿ ಗೂಡಿಗೆ ತುಂಬುವುದು. ತಕ್ಕಡಿಯ ಒಂದು ತಟ್ಟೆಗೆ ಕಲ್ಲು, ಇನ್ನೊಂದಕ್ಕೆ ಗೋವಿನಜೋಳ. ಭಾರ ಹೆಚ್ಚಾದರೆ ತಟ್ಟೆ ಕೆಳಗೆ, ಕಡಿಮೆಯಾದರೆ ಮೇಲೆ. ಹೆಚ್ಚು-ಕಡಿಮೆ ಎಂಬ ಲೆಕ್ಕವನ್ನು ತಕ್ಕಡಿಗಿಂತ ಸರಳವಾಗಿ ಹೇಳುವ ಯಂತ್ರ ಇನ್ನೂ ಹುಟ್ಟಿಲ್ಲ.

ಈ ಸಾಮಾನಿಗೆ "ತಂತ್ರಜ್ಞಾನ" ಎನ್ನಬೇಕೇ ಎಂದು ಕೇಳಬಹುದು. ಏಕೆ ಎನ್ನಬಾರದು? ವಿದ್ಯುತ್ ತಂತಿ ಹಚ್ಚಿದ್ದೇ ತಂತ್ರಜ್ಞಾನ ಎಂಬ ಭ್ರಮೆ ನಮ್ಮ ಇಲಾಖೆಗಳಿಗೆ ಬಹಳ. ಮಗುವಿನ ಕೈ, ಕಣ್ಣು, ಮನಸ್ಸು ಒಟ್ಟಿಗೆ ದುಡಿದರೆ ಅದು ಯಂತ್ರವೇ ಸರಿ.

ಗುಂಡಿ ಒತ್ತಿದರೆ ಮಾತು

ತಂತಿ ಹಚ್ಚಿದ ಯಂತ್ರದ ಕಥೆಯೂ ಹಳೆಯದೇ. ಸ್ಕಾಟ್ಲಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಸಿಲ್ವಿಯಾ ವಿಯರ್ ಮತ್ತು ರಿಕಿ ಎಮಾನುಯೆಲ್ ಎಂಬಿಬ್ಬರು 1976ರಲ್ಲಿ ಒಂದು ವರದಿ ಬರೆದರು. ಆಟಿಸಂ ಇರುವ ಒಬ್ಬ ಹುಡುಗನಿಗೆ ಗುಂಡಿ ಒತ್ತಿ ನಡೆಸುವ, ಆಮೆ ಎಂದು ಕರೆಯಲಾದ ಪುಟ್ಟ ಯಂತ್ರವನ್ನು ಕೊಟ್ಟದ್ದರ ವೃತ್ತಾಂತ ಅದು. ಹುಡುಗನಿಗೆ ತನ್ನ ಕೈಯ ಒತ್ತಿಗೆ ಯಂತ್ರ ತಪ್ಪದೆ ಉತ್ತರ ಕೊಡುವುದು ಕಂಡಿತು. ಆ ಆಟವೇ ಅವನಿಗೆ ಜನರೊಡನೆ ಸಂಪರ್ಕಕ್ಕೆ ಬಾಗಿಲಾಯಿತು ಎಂಬುದು ಅವರ ಅಭಿಪ್ರಾಯ. ಆಗಿನ ಕಂಪ್ಯೂಟರು ಒಂದು ಕೋಣೆಯ ಸಾಮಾನು. ಈಗ ಅದಕ್ಕಿಂತ ದೊಡ್ಡ ಕೆಲಸ ಮಾಡುವ ಯಂತ್ರ ನಿಮ್ಮ ಅಂಗಿಯ ಕಿಸೆಯಲ್ಲಿದೆ.

1985ರಲ್ಲಿ ಅಮೇರಿಕದ ಆಂಡಿ ಬಾಂಡಿ, ಲೋರಿ ಫ್ರಾಸ್ಟ್ ಎಂಬವರು ಚಿತ್ರದ ಚೀಟಿಯ ವಿನಿಮಯ ಪದ್ಧತಿ ಆರಂಭಿಸಿದರು. ಬಾಳೆಹಣ್ಣು ಬೇಕಾದರೆ ಮಗು ಬಾಳೆಹಣ್ಣಿನ ಚಿತ್ರವನ್ನು ಕಿತ್ತು ಎದುರಿನವರ ಕೈಗೆ ಕೊಡಬೇಕು. ಕೂಡಲೇ ಬಾಳೆಹಣ್ಣು ಕೈಗೆ! ಇದು ಶುದ್ಧ ಅಂಗಡಿಯ ವ್ಯವಹಾರ. ರೊಕ್ಕ ಕೊಟ್ಟು ಮಾಲು ಒಯ್ದಂತೆ. ಅಳುವುದು, ತಲೆ ಚಚ್ಚಿಕೊಳ್ಳುವುದು ಬಿಟ್ಟು ಬೇಕಾದ್ದನ್ನು ಕೇಳುವ ದಾರಿ ಇನ್ನೊಂದಿದೆ ಎಂದು ಮಗುವಿಗೆ ಅಂದು ತಿಳಿಯುತ್ತದೆ. ಎಷ್ಟೋ ಸಲ ನಾವು ಹಟ ಎನ್ನುವುದು ಹಟವಲ್ಲ, ಹೇಳಲಾರದ ಮಾತು.

ಈಗ ಆ ಚೀಟಿಗಳೇ ಮೊಬೈಲು, ಟ್ಯಾಬ್ಲೆಟ್ಟಿನ ಪರದೆಗೆ ಬಂದಿವೆ. ಚಿತ್ರ ಮುಟ್ಟಿದರೆ ಯಂತ್ರ ಮಾತಾಡುತ್ತದೆ. ಚೆನ್ನೈನ ಅಜಿತ್ ನಾರಾಯಣನ್ ಅವರ ಕಂಪನಿ ರೂಪಿಸಿದ 'ಅವಾಜ್', ಮುಂಬಯಿ ಐಐಟಿಯವರು ಮಾಡಿ ಉಚಿತವಾಗಿ ಕೊಟ್ಟಿರುವ 'ಜೆಲ್ಲೋ' ಈ ಜಾತಿಯವು. ಒಂದೆರಡು ಮಾತು ಮಾತ್ರ ಧ್ವನಿಮುದ್ರಿಸಿಕೊಳ್ಳುವ ದೊಡ್ಡ ಗುಂಡಿಗಳೂ ಪ್ಯಾಟಿಯಲ್ಲಿ ಸಿಗುತ್ತವೆ. ಮುಟ್ಟಿದರೆ "ನೀರ ಬೇಕು" ಎನ್ನುವ ಗುಂಡಿ ಒಂದು, "ಸಾಕು" ಎನ್ನುವ ಗುಂಡಿ ಇನ್ನೊಂದು. ಸಣ್ಣ ಕೂಸಿಗೆ ಶುರುವಿಗೆ ಇಷ್ಟೇ ಸಾಕು.

"ಯಂತ್ರ ಮಾತಾಡಿದರೆ ಹುಡುಗ ತಾನು ಮಾತಾಡೂದನ್ನ ಬಿಟ್ಟಾನಲ್ರೀ?" ಎಂಬುದು ತಾಯಿ-ತಂದೆಯರ ಸಹಜ ಅಂಜಿಕೆ. ಈ ಕುರಿತು ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಅಂಥ ಹಾನಿ ಕಾಣಲಿಲ್ಲ ಎಂದಿದ್ದಾರೆ. ಕೆಲವು ಮಕ್ಕಳಲ್ಲಿ ಮಾತು ತುಸು ಹೆಚ್ಚಿದ್ದೂ ಉಂಟು. ಕ್ಯಾಲಿಫೋರ್ನಿಯಾದ ಕಾನಿ ಕಸಾರಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 5ರಿಂದ 8 ವರ್ಷದ, ಮಾತು ತೀರ ಕಡಿಮೆ ಇದ್ದ 61 ಮಕ್ಕಳಿದ್ದರು. ಎಲ್ಲರಿಗೂ ಆಟದ ಜೊತೆಗಿನ ಮಾತಿನ ಪಾಠ. ಅರ್ಧ ಮಕ್ಕಳಿಗೆ ಅದರ ಜೊತೆ ಮಾತಾಡುವ ಯಂತ್ರ. ಆರು ತಿಂಗಳ ಪಾಠದಲ್ಲಿ ಯಂತ್ರ ಇದ್ದ ಮಕ್ಕಳೇ ತಾವಾಗಿ ಹೇಳುವುದರಲ್ಲಿ ಮುಂದಾದರು. ಒಂದು ಮಾತು ಗಮನಿಸಿ: ಅಲ್ಲಿ ಯಂತ್ರವೊಂದೇ ಇರಲಿಲ್ಲ. ಪಕ್ಕದಲ್ಲಿ ಕೂತು ಆಡಿಸುವ, ತಾನೂ ಗುಂಡಿ ಒತ್ತಿ ತೋರಿಸುವ ಮನುಷ್ಯರಿದ್ದರು.

ಯಂತ್ರಕ್ಕೆ ನಮ್ಮ ಮಾತು ಬರಬೇಕು

ಇನ್ನು ನಮ್ಮ ಕಡೆಯ ತೊಡಕು. ಹೊರಗಿನಿಂದ ಬಂದ ಯಂತ್ರದಲ್ಲಿ ಚಿತ್ರ ಬ್ರೆಡ್ಡಿನದು, ಬರ್ಗರಿನದು. ನಮ್ಮ ಹುಡುಗ ತಿನ್ನುವುದು ಖಡಕ್ ರೊಟ್ಟಿ, ಪುಂಡಿಪಲ್ಯ. ಯಂತ್ರ ಇಂಗ್ಲಿಷಿನಲ್ಲಿ ಉಲಿಯುತ್ತದೆ. ಕನ್ನಡ ಬಂದರೂ ಅದು ರೇಡಿಯೋ ಕನ್ನಡ. ಮನೆಯಲ್ಲಿ ಅವ್ವ "ಉಣ್ತೀ ಏನು?" ಎಂದರೆ ಯಂತ್ರ "ನೀನು ಊಟ ಮಾಡುವೆಯಾ?" ಎಂದು ಕೇಳುತ್ತದೆ. ಮೊದಲೇ ಮಾತಿನ ಗೊಂದಲ ಇರುವ ಮಗುವಿಗೆ ಇವೆರಡೂ ಒಂದೇ ಎಂದು ಹೊಳೆಯಬೇಕು ಹೇಗೆ?

ಇದಕ್ಕೆ ಉಪಾಯ ಸುಲಭ, ಖರ್ಚೂ ಇಲ್ಲ. ಇಂಥ ಅನೇಕ ಯಂತ್ರಗಳಲ್ಲಿ ನಮ್ಮ ಮನೆಯದೇ ಚಿತ್ರ ತೆಗೆದು ಸೇರಿಸಬಹುದು, ನಮ್ಮದೇ ಧ್ವನಿ ತುಂಬಬಹುದು. ಮನೆಯ ತಾಟು, ಮನೆಯ ಚರಗಿ, ಶಾಲೆಯ ನೀರಿನ ಟಾಕಿ, ಬಿಳಗಿ ಬಸ್ಸು ಇವುಗಳ ಫೋಟೋ. ಧ್ವನಿ ಅವ್ವನದು, ಅಕ್ಕನದು, ಓಣಿಯ ಗೆಳೆಯನದು. "ಹಸಿವಾಗೇತಿ", "ಮನಿಗಿ ಹೋಗೂಣು", "ಸಪ್ಪಳ ಬ್ಯಾಡ". ಈ ಮೂರು ಮಾತು ಬಂದರೆ ಸಾಕು, ಅರ್ಧ ಗೋಳು ಕಳೆಯಿತು. ಯಾವುದನ್ನೇ ಮೊಬೈಲಿಗೆ ಇಳಿಸಿಕೊಳ್ಳುವ ಮೊದಲು ಕನ್ನಡ ಇದೆಯೇ, ಸ್ವಂತ ಧ್ವನಿ ತುಂಬಲು ಬರುತ್ತದೆಯೇ, ಇಂಟರ್‌ನೆಟ್ ಇಲ್ಲದೆ ನಡೆಯುತ್ತದೆಯೇ ಎಂಬ ಮೂರು ಸಂಗತಿ ಕೇಳಿ ತಿಳಿಯಿರಿ.

ಇಷ್ಟಾಗಿಯೂ ಮೊಬೈಲಿನಲ್ಲಿ ಹಾಡು ಹಚ್ಚಿ ಮೂಲೆಗೆ ಕೂರಿಸುವುದು ಈ ಪಾಠವಲ್ಲ. ಅಲ್ಲಿ ಬೆರಳು ಜಾರಿಸುವುದೊಂದೇ ಕೆಲಸ. ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ಮಾತಿನ ಯಂತ್ರವಾಗಿ ಕೊಟ್ಟ ಮೊಬೈಲಿನಲ್ಲಿ ಸಿನೆಮಾ ಇರಲೇಬಾರದು. ಒಂದು ಮೊಬೈಲು ಬಾಯಿಗೆ, ಬೇಕಿದ್ದರೆ ಇನ್ನೊಂದು ಹಾಡಿಗೆ.

ಮೈಸೂರು-ಬೆಂಗಳೂರಿನ ಒಂದು ದೊಡ್ಡ ಪಾಠ

ಕೈಯಿಂದ ಕಲಿತ ಮಗುವಿನ ಕಥೆ ಎಂದರೆ ಕರ್ನಾಟಕದಲ್ಲಿ ನೆನಪಾಗುವ ಹೆಸರು ಟೀಟೋ ರಾಜರ್ಷಿ ಮುಖೋಪಾಧ್ಯಾಯ. ಮೈಸೂರು, ಬೆಂಗಳೂರುಗಳಲ್ಲಿ ಬೆಳೆದ ಹುಡುಗ. ಮಾತು ತೀರ ಕಡಿಮೆ. ತಾಯಿ ಸೋಮಾ ಅವರು ಎದೆಗುಂದದೆ ಅಕ್ಷರದ ಹಲಗೆ, ಸಂಖ್ಯೆ, ಪೆನ್ಸಿಲು ಹಿಡಿದು ಮನೆಯಲ್ಲೇ ಪಾಠ ಹೇಳಿದರು. ಹುಡುಗ ಬರೆಯತೊಡಗಿದ. ಅವನ ಪುಸ್ತಕವನ್ನು 2000ದಲ್ಲಿ ಲಂಡನ್ನಿನ ರಾಷ್ಟ್ರೀಯ ಆಟಿಸಂ ಸಂಘ ಪ್ರಕಟಿಸಿದಾಗ ಜಗತ್ತು ಹುಬ್ಬೇರಿಸಿತು. ಮಾತಾಡದ ಮಗುವಿನ ಒಳಗೂ ಮನಸ್ಸೊಂದು ಪೂರ್ತಿ ಎಚ್ಚರವಿರಬಹುದು ಎಂಬುದನ್ನು ಅನೇಕರು ನಂಬಿದ್ದು ಅಂದಿನಿಂದ. 2001ರಲ್ಲಿ ತಾಯಿ-ಮಗ ಅಮೇರಿಕಕ್ಕೆ ತೆರಳಿದರು. ಅಲ್ಲಿ ಸೋಮಾ ಅವರ ಪದ್ಧತಿ ಹೆಸರಾಯಿತು.

ಆದರೆ ಕಥೆಗೆ ಇನ್ನೊಂದು ಮಗ್ಗುಲಿದೆ. ಟೀಟೋ ತಾನೇ ಪೆನ್ಸಿಲು ಹಿಡಿದು ಬರೆಯುವುದನ್ನು ನೋಡಿದವರಿದ್ದಾರೆ. ಬೇರೆ ಮಕ್ಕಳ ವಿಷಯದಲ್ಲಿ ಹಲಗೆ ಹಿಡಿಯುವವರು ದೊಡ್ಡವರು, ಬೆರಳು ಮಾತ್ರ ಮಗುವಿನದು. ಹಲಗೆ ಅರಿಯದೇ ತುಸು ಅತ್ತಿತ್ತ ಸರಿದರೆ ಬರುವ ಮಾತು ಯಾರದು? ಮಗುವಿನದೋ, ಹಲಗೆ ಹಿಡಿದವರದೋ? ಇದೇ ಕಾರಣಕ್ಕೆ ಅಮೇರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಈ ಪದ್ಧತಿ ಬೇಡ ಎಂದು ಹೇಳಿಕೆ ಕೊಟ್ಟಿತು. ಕೈ ಹಿಡಿದು ಟೈಪು ಮಾಡಿಸುವ ಇನ್ನೊಂದು ಪದ್ಧತಿಯ ಮೇಲೂ ಇದೇ ಆಕ್ಷೇಪವಿದೆ.

ನಮಗೆ ಇದರಿಂದ ಒಂದು ಸರಳ ಪರೀಕ್ಷೆ ಸಿಗುತ್ತದೆ. ಯಾರಾದರೂ ಬಂದು "ನಿಮ್ಮ ಮಗನ ಕೈಯಿಂದ ಕವಿತೆ ಬರೆಸುತ್ತೇನೆ, ಇಷ್ಟು ಸಾವಿರ ಕೊಡಿ" ಎಂದರೆ, ಅವರು ಹೊರಗಿದ್ದಾಗ ಮಗುವಿಗೆ ಒಂದು ವಸ್ತು ತೋರಿಸಿ. ಆಮೇಲೆ ಅವರನ್ನು ಒಳಗೆ ಕರೆದು ಆ ವಸ್ತುವಿನ ಹೆಸರು ಬರೆಸಲು ಹೇಳಿ. ಬಂದರೆ ಮಾತು ಮಗುವಿನದು. ಚಿತ್ರದ ಚೀಟಿ, ಮಾತಿನ ಗುಂಡಿಗಳಲ್ಲಿ ಈ ತಕರಾರು ಕಡಿಮೆ. ಅಲ್ಲಿ ಮುಟ್ಟುವ ಕೈ ಮಗುವಿನದೇ ಆಗಿರಬೇಕು. ಆರಂಭದಲ್ಲಿ ದೊಡ್ಡವರು ಕೈ ಹಿಡಿದು ತೋರಿಸಿದರೂ ಬೇಗ ಬಿಟ್ಟುಬಿಡಬೇಕು.

ಬೆಂಗಳೂರಿನಲ್ಲಿ ಹಾದಿ ಹಾಕಿದವರು ಬಹಳ ಜನ. ಕರ್ನಾಟಕ ಸ್ಪಾಸ್ಟಿಕ್ಸ್ ಸೊಸೈಟಿ 1980ರಿಂದ ಇದೆ. ವಾಕ್‌ತಜ್ಞೆ ಡಾ. ಪ್ರತಿಭಾ ಕಾರಂತರು 2000ದಲ್ಲಿ ಆರಂಭಿಸಿದ 'ಕಮ್ಯುನಿಕೇಶನ್ ಡೀಲ್' ಕಾರ್ಯಕ್ರಮ ಆರು ವರ್ಷದೊಳಗಿನ ಮಕ್ಕಳನ್ನು ಸಾಮಾನ್ಯ ಶಾಲೆಗೆ ಅಣಿಗೊಳಿಸುತ್ತದೆ. ಕೃಷ್ಣೆಯ ದಂಡೆಯ ಬಡವನಿಗೆ ಬೆಂಗಳೂರು ದೂರ, ಮೈಸೂರು ಇನ್ನೂ ದೂರ. ಒಂದು ವಾರ ಕೂಲಿ ಬಿಟ್ಟು ಹೋಗಿಬಂದರೆ ಮುಂದಿನ ತಿಂಗಳ ಪಾಠಕ್ಕೆ ಮತ್ತೆ ಯಾರು ಕರೆದೊಯ್ಯಬೇಕು? ಧಾರವಾಡದ ಡಿಮ್ಹಾನ್ಸ್ ಇದ್ದುದರಲ್ಲಿ ಹತ್ತಿರ. ಅಲ್ಲಿಗೂ ಒಂದು ದಿನದ ಪ್ರಯಾಣ.

ಕಾಯಿದೆ ಏನು ಹೇಳುತ್ತದೆ?

1995ರ ಅಂಗವಿಕಲರ ಕಾಯಿದೆಯಲ್ಲಿ ಏಳು ವಿಕಲತೆಗಳಿದ್ದವು. ಆಟಿಸಂ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಹೆಸರು ಬಂತು. 2016ರ ಕಾಯಿದೆ 21 ವಿಕಲತೆಗಳನ್ನು ಪಟ್ಟಿ ಮಾಡಿ ಆಟಿಸಂ ಅನ್ನೂ ಸೇರಿಸಿತು. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ವಿಕಲತೆಯ ಪ್ರಮಾಣಪತ್ರ ಇದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತ ಶಿಕ್ಷಣ ಮಗುವಿನ ಹಕ್ಕು. "ನಮ್ಮ ಸಾಲ್ಯಾಗ ಇಂಥಾವ್ರನ್ನ ತಗೊಳ್ಳೂದಿಲ್ಲ" ಎನ್ನಲು ಯಾವ ಹೆಡ್‌ಮಾಸ್ತರರಿಗೂ ಅಧಿಕಾರವಿಲ್ಲ.

2022ರ ಜೂನ್‌ನಲ್ಲಿ ಕೇಂದ್ರ ಸರಕಾರ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಎಂದು ನಿಯಮ ಮಾಡಿತು. ಹುದ್ದೆಗಳನ್ನು ಗುರುತಿಸಿ ತುಂಬಿ ಎಂದು ಸುಪ್ರೀಂ ಕೋರ್ಟು 2025ರ ಮಾರ್ಚಿನಲ್ಲಿ ರಾಜ್ಯಗಳಿಗೆ ಮತ್ತೆ ತಾಕೀತು ಮಾಡಬೇಕಾಯಿತು. ನಮ್ಮಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಸೇರಿದ ಬಿಐಇಆರ್‌ಟಿ ಎಂಬ ಶಿಕ್ಷಕರಿದ್ದಾರೆ. ಶಾಲಾ ಸಿದ್ಧತಾ ಕೇಂದ್ರ, ಗೃಹಾಧಾರಿತ ಶಿಕ್ಷಣ, ಶಿಬಿರ, ಕಾಗದಪತ್ರ ಎಲ್ಲವೂ ಅವರ ತಲೆಯ ಮೇಲೆ. ಇಡೀ ತಾಲೂಕು ಸುತ್ತುವ ಬೆರಳೆಣಿಕೆಯ ಶಿಕ್ಷಕರು ಒಂದು ಮಗುವಿನ ಎದುರು ವಾರಕ್ಕೆಷ್ಟು ಗಂಟೆ ಕೂತಾರು? ಅವರನ್ನು ದೂರಿ ಪ್ರಯೋಜನವಿಲ್ಲ. ದೂರಬೇಕಾದದ್ದು ಹುದ್ದೆ ಕೊಡದವರನ್ನು.

ತಾಯಿ-ತಂದೆಯರು ಮಾಡಬೇಕಾದದ್ದು ಇಷ್ಟು. ವರ್ಷ ತುಂಬಿದರೂ ಕೂಸು ಬೊಟ್ಟು ಮಾಡಿ ತೋರಿಸದಿದ್ದರೆ, ಹೆಸರಿಗೆ ತಿರುಗದಿದ್ದರೆ, ಬಂದ ಮಾತು ಹೋದರೆ, "ನಮ್ಮ ಮಾವನೂ ತಡಾ ಮಾತಾಡಿದ್ದ" ಎಂದು ಕಾಯಬೇಡಿ. ಅಂಗನವಾಡಿ, ಶಾಲೆಗೆ ಬರುವ ಬಾಲ ಸ್ವಾಸ್ಥ್ಯ ತಂಡಕ್ಕೆ ತೋರಿಸಿ. 2013ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಬೆಳವಣಿಗೆಯ ತೊಂದರೆ ಗುರುತಿಸಿ ಜಿಲ್ಲಾ ಕೇಂದ್ರಕ್ಕೆ ಕಳಿಸುವ ವ್ಯವಸ್ಥೆ ಇದೆ. ಕಿವಿಯ ಪರೀಕ್ಷೆ ಮೊದಲು ಆಗಲಿ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆ 1 ಲಕ್ಷ ರೂಪಾಯಿಯವರೆಗೆ ಇದೆ, ಚಿಕಿತ್ಸಾ ಪಾಠದ ಖರ್ಚೂ ಅದರಲ್ಲಿ ಸೇರುತ್ತದೆ. ಸಾರಿಗೆ ಸಂಸ್ಥೆಯ ರಿಯಾಯತಿ ಪಾಸಿನ ವಿಷಯ ಡಿಪೋದಲ್ಲಿ ವಿಚಾರಿಸಿ. ಮಾಸ್ತರರಿಗೂ ಈಗ ಎನ್‌ಸಿಇಆರ್‌ಟಿಯ 'ಪ್ರಶಸ್ತ್' ಎಂಬ ಮೊಬೈಲ್ ಪ್ರಶ್ನಾವಳಿ ಇದೆ, 2022ರಲ್ಲಿ ಬಂದದ್ದು. ಅದು ರೋಗಪತ್ತೆಯಲ್ಲ, "ಈ ಮಗುವನ್ನು ತಜ್ಞರಿಗೆ ತೋರಿಸಿ" ಎಂಬ ಸೂಚನೆ ಮಾತ್ರ.

ಅಂಗಡಿಕಾರರೇ, ಪ್ರಯಾಣಿಕರೇ!

ಶಾಲೆಯ ಪಾಠ ಶಾಲೆಯಲ್ಲೇ ಮುಗಿದರೆ ಫಲವಿಲ್ಲ. ಕಲಿತದ್ದನ್ನು ಹುಡುಗ ನಡೆಸಿ ನೋಡಬೇಕಾದದ್ದು ನಿಮ್ಮ ಅಂಗಡಿಯ ಗಲ್ಲೆಯ ಮುಂದೆ, ನಿಮ್ಮ ಪಕ್ಕದ ಸೀಟಿನಲ್ಲಿ.

ಅಂಗಡಿಗೆ ಹುಡುಗ ಚಿತ್ರದ ಚೀಟಿ ಹಿಡಿದು ಬಂದರೆ, ಗುಂಡಿ ಒತ್ತಿ "ಪೆನ್ನು ಕೊಡ್ರಿ" ಎಂದು ಯಂತ್ರದಿಂದ ಹೇಳಿಸಿದರೆ, ನಗಬೇಡಿ. ಹಿಂದೆ ನಿಂತ ಅವ್ವನನ್ನು ಕೇಳಬೇಡಿ, ಹುಡುಗನಿಗೇ ಕೊಡಿ, ಹುಡುಗನಿಂದಲೇ ರೊಕ್ಕ ತೆಗೆದುಕೊಳ್ಳಿ. ಉತ್ತರಕ್ಕೆ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಕಾಯಿರಿ. ಗಿರಾಕಿಗಳ ಗದ್ದಲ ಇದ್ದಾಗ ತುಸು ಬದಿಗೆ ಕರೆದು ವ್ಯವಹಾರ ಮಾಡಿ. ಖಾಲಿ ಡಬ್ಬಿ, ಹಳೆಯ ತಕ್ಕಡಿ, ನಮೂನೆಯ ಪಾಕೀಟು ಬಿಸಾಡುವ ಮೊದಲು ಶಾಲೆಗೆ ಹೇಳಿಕಳಿಸಿ. ನಿಮಗೆ ಕಸ, ಅಲ್ಲಿ ಪಾಠದ ಸಾಮಾನು.

ಬಸ್ಸಿನಲ್ಲಿ ಮಗು ಕಿರುಚಿದರೆ ಕಾರಣ ಹಾರನ್ ಇರಬಹುದು, ಜನರ ಒತ್ತು ಇರಬಹುದು, ದಿನದ ಸೀಟು ತಪ್ಪಿದ್ದಿರಬಹುದು. ಗದರಿಸಬೇಡಿ, ಸುತ್ತ ನಿಂತು ನೋಡಬೇಡಿ. ಕಿಟಕಿಯ ಸೀಟು ಬಿಟ್ಟುಕೊಟ್ಟರೆ ಅದೇ ದೊಡ್ಡ ಉಪಕಾರ. ಪಕ್ಕದವರ ಮೊಬೈಲಿನ ಹಾಡು ತುಸು ಸಣ್ಣದಾದರೆ ಇನ್ನೂ ಒಳ್ಳೆಯದು.

ಕೇಳಬೇಕಾದದ್ದು ಏನು?

ಬಾಡಗಂಡಿಗೆ ಈಗ ವೈದ್ಯಕೀಯ ಕಾಲೇಜು ಬಂದಿದೆ. ವೈದ್ಯಕೀಯ ಕಾಲೇಜು ಎಂದ ಮೇಲೆ ಮಕ್ಕಳ ವಿಭಾಗ, ಮನೋರೋಗ ವಿಭಾಗ, ಕಿವಿ-ಮೂಗು-ಗಂಟಲ ವಿಭಾಗ ಇರಲೇಬೇಕು. ಈ ಮೂರೂ ಸೇರಿ ವಾರಕ್ಕೊಂದು ದಿನ ಇಂಥ ಮಕ್ಕಳಿಗಾಗಿ ಕೂತರೆ ಧಾರವಾಡದ ದಾರಿ ಎಷ್ಟು ಮನೆಗಳಿಗೆ ತಪ್ಪೀತು! ಆಡಳಿತ ಮಂಡಳಿಯವರು ಮನಸ್ಸು ಮಾಡಬೇಕು.

ಶಿಕ್ಷಣ ಇಲಾಖೆಯಿಂದ ಕೇಳಬೇಕಾದದ್ದು ಹೆಚ್ಚೇನಲ್ಲ. ಒಂದು, ತಾಲೂಕಿನ ಯಾವ ಶಾಲೆಯಲ್ಲಿ ಆಟಿಸಂ ಇರುವ ಮಕ್ಕಳು ಎಷ್ಟು, ಮನೆಯಲ್ಲಿ ಉಳಿದವರು ಎಷ್ಟು ಎಂಬ ಲೆಕ್ಕ ಫಲಕದ ಮೇಲೆ ಬರಲಿ. ಎರಡು, ನಿಯಮದಂತೆ ವಿಶೇಷ ಶಿಕ್ಷಕರ ಹುದ್ದೆ ತುಂಬಲಿ. ಮೂರು, ಟ್ಯಾಬ್ಲೆಟ್ಟು ಬಂದರೆ ಕಪಾಟಿಗೆ ಬೀಗ ಹಾಕಿ ಇಡದೆ ಮಗುವಿನ ಕೈಗೆ ಕೊಡಲಿ, ಅದರ ಜೊತೆ ಮಾಸ್ತರರಿಗೂ ಅಕ್ಕೋರಿಗೂ ತರಬೇತಿ ಕೊಡಲಿ. ನಾಲ್ಕು, ಅದು ಬರುವ ತನಕ ಬಡಿಗೇರನ ಹಲಗೆ, ಬನಹಟ್ಟಿಯ ಕಂಡಿಕೆ, ಹುಣಸೆ ಬೀಜದಿಂದಲೇ ಪಾಠ ಶುರುವಾಗಲಿ. ಅದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ, ಟೆಂಡರೂ ಬೇಕಿಲ್ಲ.

ಆಟಿಸಂ ಗುಣವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಗು ಕಲಿಯುವುದಿಲ್ಲ ಎಂದು ಹೇಳಿದರೂ ನಂಬಬೇಡಿ. ಇಂದು ಐದು ವರ್ಷದ ಕೂಸು ನಾಳೆ ಇಪ್ಪತ್ತೈದರ ಗಂಡಸು. ಅಂದು ತಾಯಿ-ತಂದೆಗೆ ವಯಸ್ಸಾಗಿರುತ್ತದೆ. "ನೀರ ಬೇಕು", "ನೋಯಾಕತ್ತೇತಿ" ಎಂದು ತಿಳಿಸಲು ಬಂದವನ ಬಾಳಿಗೂ ಬಾರದವನ ಬಾಳಿಗೂ ಅಜಗಜಾಂತರ. ಆ ಅಂತರ ತುಂಬುವುದು ಈಗ, ಈ ವಯಸ್ಸಿನಲ್ಲಿ, ಶಾಲೆಯ ಕೋಣೆಯಲ್ಲಿ. ಕ್ಷೇತ್ರ ಶಿಕ್ಷಣಾಧಿಕಾರಿಗಳು, ಜಿಲ್ಲಾ ಪಂಚಾಯತಿಯವರು, ಶಾಸಕರು ಇತ್ತ ಗಮನ ಹರಿಸುವರೇ? ಅವರು ಹರಿಸುವ ತನಕ ಊರ ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ "ನಮ್ಮ ಸಾಲ್ಯಾಗ ಆ ಇಬ್ಬರು ಎಲ್ಲಿ ಅದಾರು?" ಎಂದು ಒಬ್ಬರಾದರೂ ಎದ್ದು ಕೇಳಿರಿ.